ದಾದಿಯ ಗಾಳಿ ಮಷೀನ್

"ಅತೀಯಾ, ಲಗೂನ ಅದನ್ನ ಬಂದ್ ಮಾಡು. ಬಾಗಲಿಗೆ ಯಾರೋ ಬಂದಾರ," ಎಂದಳು ಅವಳ ಅಜ್ಜಿ, ದಾದಿ. ಮೂಗಿನ ಪೈಪನ್ನು ಆಗಲೇ ತೆಗೆದು ಕೈಯಲ್ಲಿ ಹಿಡಿದಿದ್ದಳು.

ಅತೀಯಾ ಸ್ವಿಚ್ ಒತ್ತಿದಳು. ಗುರ್ರ್ ಎನ್ನುತ್ತಿದ್ದ ಆಕ್ಸಿಜನ್ ಮಷೀನ್ ಸುಮ್ಮನಾಯಿತು. ಅದರೊಳಗೆ ಒಬ್ಬ ಜಿನ್ ಭೂತ ಇದ್ದಾನೆ, ಕಾಲುವೆ ದಾಟಿ, ಭತ್ತದ ಗದ್ದೆ ದಾಟಿ ಗಾಳಿ ಹೊತ್ತು ತರುತ್ತಾನೆ ಅಂತ ದಾದಿಯೇ ಕತೆ ಕಟ್ಟಿದ್ದಳು. ರೈಸ್ ಮಿಲ್ಲಿನಲ್ಲಿ ದುಡಿದು ದುಡಿದು ಹೊಟ್ಟಿನ ಧೂಳು ಕುಡಿದ ಎದೆ ಅವಳದು. ಜಿನ್ ಇಲ್ಲದೆ ಒಂದು ಕತೆ ಮುಗಿಸುವ ಕಸುವೂ ಅದಕ್ಕಿರಲಿಲ್ಲ.

ಆದರೆ ಮೆಹಮಾನರ, ಅಂದರೆ ಮನೆಗೆ ಬಂದ ಅತಿಥಿಗಳ ಮುಂದೆ ರೋಗ ಹರವಿಕೊಂಡು ಕೂರಬಾರದು. ಅದು ಆ ಮನೆಯ ರಿವಾಜು. ಅತೀಯಾ ಟಿವಿ ಮೇಲಿನ ಕಸೂತಿ ಬಟ್ಟೆಯನ್ನು ಎಳೆದು ಮಷೀನಿಗೆ ಹೊದಿಸಿದಳು. ದಾದಿ ತಲೆ ಮೇಲೆ ಸೆರಗು ಹಾಕಿಕೊಂಡು ನೆಟ್ಟಗೆ ಕೂತಳು.

"ನಾನು ಮುಕ್ತಿಯಾರ್ ರೀ, ಇನ್ಶೂರೆನ್ಸ್ ಕಂಪನಿಯಿಂದ. ನಾಳೆ ತಪಾಸಣೆಗೆ ಬರೋದಿತ್ತು, ಇವತ್ತ ತುರ್ವಿಹಾಳದಾಗ ಬೇರೆ ಕೆಲಸ ಬಿತ್ತು," ಎಂದರು ಬಂದವರು.

ಅತೀಯಾ ತಾನು ಹೊದಿಸಿದ ಬಟ್ಟೆಯ ಕಡೆ ನೋಡಿದಳು. ಮಷೀನು ಸಿಂಧನೂರಿನ ಅಂಗಡಿಯಿಂದ ಬಾಡಿಗೆಗೆ ತಂದದ್ದು. ಇನ್ನು ಮುಂದೆ ಬಾಡಿಗೆಯನ್ನು ಕಂಪನಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಮಷೀನು ವಾಪಸ್ಸು ಅಂತ ಅಬ್ಬಾ ಹೇಳಿದ್ದ. ಅಬ್ಬಾ, ಅಮ್ಮಿ ಇಬ್ಬರೂ ಕೆಲಸಕ್ಕೆ ಹೋಗಿದ್ದರು.

"ಆರಾಮ ಅದೀರೇನ್ರಿ, ರಾಜಾಬೀ?"

"ಅಲ್ಲಾನ ದಯಾ. ಆರಾಮ ಅದೀನ್ರಿ. ಚಾ ಕುಡದ ಹೋಗ್ಬೇಕ್ರಿ."

"ಮಷೀನ್ ಯಾವಾಗಲೂ ಬೇಕಾಗ್ತೈತೇನ್ರಿ?"

"ಒಮ್ಮೊಮ್ಮೆ ಹಚ್ಕೊಂತೀನ್ರಿ."

ಅತೀಯಾ ಬಾಯಿ ತೆರೆದಳು. ದಾದಿ ಅವಳ ತೊಡೆ ಚಿವುಟಿದಳು. "ಚಾಕ್ಕ ಇಡು ಹೋಗು, ಬೇಟಿ."

ಮುಕ್ತಿಯಾರ್ ಬಟ್ಟೆ ಸರಿಸಿ ಮಷೀನಿನ ಫೋಟೋ ಹೊಡೆದರು. ದಾದಿಯ ಫೋಟೋ ಹೊಡೆದರು. ಅದಕ್ಕೂ ಅವಳು ನಕ್ಕಳು.

ಅವರ ಬೈಕ್ ಮೂಲೆ ತಿರುಗಿದ್ದೇ ತಡ, ದಾದಿ ಗೋಡೆಗೆ ಒರಗಿಬಿಟ್ಟಳು. ತುಟಿ ನೀಲಿಯಾಗಿತ್ತು. ಅತೀಯಾ ಪೈಪ್ ಸಿಕ್ಕಿಸಿ ಮಷೀನಿನ ಸ್ವಿಚ್ ಒತ್ತಿದಳು.

ಮುಂದಿನ ವಾರ ಕಂಪನಿಯ ಫೋನ್ ಬಂತು. ಅಬ್ಬಾ ಬಹಳ ಹೊತ್ತು ಕೇಳಿಸಿಕೊಂಡು ಫೋನ್ ಕೆಳಗಿಟ್ಟ.

"ಪೇಷಂಟ್ ಆರಾಮ ಅದಾರಂತ. ಮನ್ಯಾಗ ಮಷೀನ್ ಬೇಕಾಗಿಲ್ಲಂತ." ದಾದಿಯ ಕಡೆ ತಿರುಗಿದ. "ಅಮ್ಮಾ, ಅವರೇನು ಮೆಹಮಾನ್ ಆಗಿ ಬಂದಿದ್ರಾ? ನಿನ್ನ ಕಷ್ಟ ನೋಡಾಕ ಬಂದಿದ್ರು."

"ಹೊಸ್ತಿಲು ದಾಟಿ ಬಂದವರು ಮೆಹಮಾನರಲ್ಲೇನಪಾ?"

ಅಬ್ಬಾ ಫೋನ್ ಎತ್ತಿ ಜೇಬಿಗೆ ಹಾಕಿಕೊಂಡ. "ಮತ್ತ ಅರ್ಜಿ ಹಾಕ್ತೀನಿ," ಎಂದ.

"ಅಲ್ಲಿತನಕ?" ಎಂದಳು ಅಮ್ಮಿ.



ಅಂಗಡಿಯವರು ಬಂದು ಜಿನ್‌ನನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಹೋದರು. ಕಸೂತಿ ಬಟ್ಟೆ ಮತ್ತೆ ಟಿವಿ ಮೇಲೆ ಹೋಯಿತು. ಮನೆ ಎಷ್ಟು ಸುಮ್ಮನಾಯಿತೆಂದರೆ ದಾದಿಯ ಒಂದೊಂದು ಉಸಿರೂ ಅಡುಗೆಮನೆಯವರೆಗೆ ಕೇಳುತ್ತಿತ್ತು.

ಸಂಜೆ ಪಕ್ಕದ ಮನೆಯ ಕನಕಮ್ಮ ಬಾಗಿಲಲ್ಲಿ ಇಣುಕಿದಳು. "ಬೀಬಿ, ಆರಾಮ ಅದೀರೇನ್ರಿ?"

"ಆರಾಮ..." ದಾದಿಯ ಮಾತು ನಿಂತಿತು. ಉಸಿರಿಗಾಗಿ ಬಾಯಿ ತೆರೆದಳು. "ಅದೀನಿ."

ಹುಟ್ಟಿದಾಗಿನಿಂದ ಅತೀಯಾ ಆ ಮಾತು ಕೇಳುತ್ತಲೇ ಬಂದಿದ್ದಳು. ಅದನ್ನು ಹೇಳಲು ದಾದಿಗೆ ಎಷ್ಟು ಗಾಳಿ ಬೇಕು ಅನ್ನುವುದು ಮಾತ್ರ ಕೇಳಿದ್ದು ಇವತ್ತೇ.

"ಆರಾಮ ಇಲ್ಲ, ಅತ್ತಿ," ಎಂದಳು ಅತೀಯಾ ಕನಕಮ್ಮನಿಗೆ. "ಆಕೀಗೆ ಉಸುರು ಸಾಲವಲ್ದು."

ಹೇಳಿ, ದಾದಿ ಚಿವುಟುತ್ತಾಳೆಂದು ಕಾದಳು.

ದಾದಿಯ ಕೈ ಬಂತು. ಅತೀಯಾಳ ತೊಡೆಯ ಮೇಲೆ ಕೂತಿತು. ಅಲ್ಲೇ ಉಳಿಯಿತು.