ಅಪ್ಪೆ ಪಾತ್ರ ಮುಗಿದ ಮೇಲೆ

ಕ್ಯಾಮೆರಾದ ಮುಂದೆ ಶಶಿಪ್ರಭಾಳ ಕೈ ಹಿಡಿದು ಮುಂಡಪ್ಪ ಒಂದೇ ಒಂದು ಮಾತು ಹೇಳಬೇಕಿತ್ತು. ಕೈ ಹಿಡಿದ. ಮುಖ ನೋಡಿದ. ಬಾಯಿ ತೆರೆದ...

ಮಾತು ಹೊರಡಲಿಲ್ಲ.

ಹಿಡಿದ ಕೈಯನ್ನು ಮೆಲ್ಲನೆ ಅವಳ ಮಡಿಲಲ್ಲಿಟ್ಟ. ಇದು ತನ್ನಿಂದಾಗದು, ಬೇರೆ ಯಾರನ್ನಾದರೂ ನೋಡಿ ಎಂದು ನಿರ್ದೇಶಕಿಗೆ ಹೇಳಿ, ಮೂಡುಬಿದಿರೆಯ ಆ ಆಡಿಷನ್ ಹಾಲ್‌ನಿಂದ ಹೊರಟೇ ಹೋದ.

ಶಶಿಪ್ರಭಾಳಿಗೆ ಐವತ್ತೊಂಬತ್ತು. ಆ ವಯಸ್ಸಿನ ಹೆಂಗಸನ್ನು ‘ಅವರು’ ಎನ್ನಬೇಕು, ಗೊತ್ತು. ಆದರೆ ಪ್ರೇಮಕಥೆಯ ನಾಯಕಿಯನ್ನು ಯಾರೂ ಹಾಗೆ ಕರೆಯುವುದಿಲ್ಲ, ಮತ್ತು ಇವಳು ನಾಯಕಿ.

ಆಗುವುದಕ್ಕೆ ಇಷ್ಟು ವರ್ಷ ಹಿಡಿಯಿತು, ಅಷ್ಟೆ. ಗಂಡನನ್ನು ಕಳೆದುಕೊಂಡು ಬಂಟ್ವಾಳದ ತುಳು ನಾಟಕ ತಂಡ ಸೇರಿದಾಗ ಅವಳಿಗಿನ್ನೂ ಮೂವತ್ತಾಗಿರಲಿಲ್ಲ. ವಿಧವೆಗೆ ನಾಯಕಿಯ ಪಾತ್ರ ಯಾರು ಕೊಡುತ್ತಾರೆ? ಕಪ್ಪು ಕೂದಲಿಗೆ ಪೌಡರ್ ಸುರಿದು ತಾಯಿ ಮಾಡಿದರು. ಮಗನ ಪಾತ್ರ ಮುಂಡಪ್ಪನದು. ಅವಳಿಗಿಂತ ಮೂರು ವರ್ಷ ದೊಡ್ಡ ಮಗ! ರಂಗದ ಮೇಲೆ ‘ಅಪ್ಪೆ’, ಅಂದರೆ ಅಮ್ಮ, ಎಂದು ಕರೆದವನು ಕೆಳಗಿಳಿದ ಮೇಲೂ ಹಾಗೆಯೇ ಕರೆದ. ಊರೂ ಕರೆಯಿತು.

ಸಿನಿಮಾ, ಧಾರಾವಾಹಿಗಳಿಗೆ ಹೋದರೂ ಅದೇ ಹಾಡು. ಅಳುವುದು, ಬಡಿಸುವುದು, ಮಗನಿಗೆ ಹೆಣ್ಣು ನೋಡುವುದು, ಮಧ್ಯಂತರದ ನಂತರ ಹಾರ ಹಾಕಿದ ಫೋಟೋ ಆಗುವುದು. ಕೂದಲು ನಿಜವಾಗಿ ಬೆಳ್ಳಗಾದಾಗ ಅವಳು ಬಣ್ಣ ಹಚ್ಚತೊಡಗಿದಳು.

ಈಗ ವಿಜೇತಾ ಎಂಬ ಹುಡುಗಿ ವೇಣೂರಿನಲ್ಲಿ ವೆಬ್ ಸರಣಿ ತೆಗೆಯಲು ಹೊರಟಿದ್ದಳು. ಅರವತ್ತರ ಹತ್ತಿರದವಳೊಬ್ಬಳು ಪ್ರೀತಿಗೆ ಬೀಳುವ ಕಥೆ. ಬಣ್ಣ ಹಚ್ಚಬೇಡಿ, ಬಿಳಿ ಕೂದಲಿನವಳೇ ಬೇಕು ಎಂದಿದ್ದಳು. ಜೋಡಿಯಾಗಿ ಯಾರಿರಲಿ ಎಂದು ಕೇಳಿದಾಗ ಮುಂಡಪ್ಪನ ಹೆಸರು ಹೇಳಿದವಳು ಶಶಿಪ್ರಭಾಳೇ. ಯಾಕೆಂದು ಅವಳಿಗೆ ಗೊತ್ತಿತ್ತು. ಮದುವೆಯಾಗದೆ ಉಳಿದ ಆ ಮನುಷ್ಯ ಎದುರು ಬಂದರೆ ಅವಳ ಎದೆ ಈಗಲೂ...

‘ಮುದುಕಿಯ ಕೈ ಹಿಡಿಯಲು ಅವನಿಗೆ ನಾಚಿಕೆಯಾಯಿತು.’

ಆಡಿಷನ್‌ನಿಂದ ಮರಳುವಾಗ ಬಸ್ಸಿನುದ್ದಕ್ಕೂ ಅವಳಿಗೆ ಇದೇ ಯೋಚನೆ. ಮಡಂತ್ಯಾರಿನಲ್ಲಿ ಇಳಿದವಳು ಕೂದಲ ಬಣ್ಣದ ಪ್ಯಾಕೆಟ್ ಕೊಂಡು ಮನೆ ಸೇರಿದಳು. ಈ ಪಾತ್ರ ತನಗೆ ಬೇಡ ಎಂದು ವಿಜೇತಾಳಿಗೆ ಫೋನ್ ಮಾಡಿದಳು. ಹುಡುಗಿ ಒಪ್ಪಲಿಲ್ಲ, ನಾಳೆ ಮಧ್ಯಾಹ್ನದವರೆಗೆ ಕಾಯುತ್ತೇನೆ ಎಂದಳು.

ಮರುದಿನ ಬೆಳಿಗ್ಗೆ ಶಶಿಪ್ರಭಾ ಬಟ್ಟಲಲ್ಲಿ ಬಣ್ಣ ಕಲಸಿ ಕನ್ನಡಿಯ ಮುಂದೆ ಕೂತಿದ್ದಾಗ ಬಾಗಿಲಲ್ಲಿ ಮುಂಡಪ್ಪ. ವಿಜೇತಾ ಅವನಿಗೂ ವಿಷಯ ತಿಳಿಸಿದ್ದಳಂತೆ.

“ಪಾತ್ರ ಯಾಕೆ ಬಿಟ್ಟದ್ದು?”

“ಕೈ ಬಿಟ್ಟು ಹೋದವರು ನೀವು. ನನ್ನನ್ನು ಕೇಳ್ತೀರಾ?” ಅವಳು ತಿರುಗಲಿಲ್ಲ. “ಬಿಳಿ ಕೂದಲು ಕಂಡು ನಾಚಿಕೆ ಆಯ್ತಲ್ಲ. ಆಗಲಿ. ಅಪ್ಪೆಯಾಗಿಯೇ ಇರ್ತೇನೆ.”

ಮುಂಡಪ್ಪ ಹೊಸ್ತಿಲಲ್ಲೇ ನಿಂತಿದ್ದ.

“ನಿಮ್ಮ ತಲೆಗೆ ಪೌಡರ್ ಹಾಕುವ ಕಾಲದಿಂದ ನೋಡ್ತಾ ಇದ್ದೇನೆ. ಬಿಳಿ ಕೂದಲು ನನಗೆ ಹೊಸತಾ?”

“ಮತ್ತೆ ಯಾಕೆ ಎದ್ದು ಹೋದದ್ದು?”

“ಆ ಡೈಲಾಗ್... ಉಳಿದ ದಿನ ನಿನ್ನ ಜೊತೆ ಇರ್ತೇನೆ ಅಂತ. ಅದು ನನ್ನ ಹೊಟ್ಟೆಯಲ್ಲಿ ಎಷ್ಟೋ ವರ್ಷದಿಂದ ಉಂಟು. ಅಪ್ಪೆ ಅಂತ ಕರೆದ ಬಾಯಲ್ಲಿ ಹೇಳಿದ್ರೆ ಊರು ಏನು ಹೇಳೀತು ಅಂತ ಇಷ್ಟು ದಿನ ಹೆದರಿದೆ. ಮೊದಲನೇ ಸಲ ಹೇಳುವುದೇ ಕ್ಯಾಮೆರಾದ ಎದುರು ಅಂತಾದ್ರೆ, ನೀವು ಕೂಡ ಆಕ್ಟಿಂಗ್ ಅಂತಲೇ ತಿಳೀತೀರಿ.”

ಜೀವನವಿಡೀ ಗ್ಲಿಸರಿನ್ ಹಾಕಿ ಅತ್ತವಳಿಗೆ ಈಗ ತಾನಾಗಿ ಬಂದ ಕಣ್ಣೀರನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

“ಹಾಗಾದ್ರೆ ಇಲ್ಲೇ ಹೇಳಿ,” ಎಂದಳು. “ಇಲ್ಲಿ ಕ್ಯಾಮೆರಾ ಇಲ್ಲ.”

ಅವನು ಒಳಗೆ ಬಂದು ಅವಳ ಕೈ ಹಿಡಿದ.

“ಶಶಿ...”

ಆ ಹೆಸರನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

“ಉಳಿದ ದಿನ ನಿನ್ನ ಜೊತೆ ಇರ್ತೇನೆ.”

ಬಟ್ಟಲಿನ ಬಣ್ಣ ಒಣಗಿ ಗಟ್ಟಿಯಾಗುವವರೆಗೂ ಅವಳು ಆ ಕೈ ಬಿಡಲಿಲ್ಲ. ಆಮೇಲೆ ಅವಳು ವಿಜೇತಾಳಿಗೆ ಫೋನ್ ಮಾಡಿ, ಇಬ್ಬರೂ ಬರುತ್ತೇವೆ ಎಂದಳು.

“ಅಲ್ಲಿ ಪುನಃ ಹೇಳ್ಬೇಕಾ ಅದನ್ನು?” ಮುಂಡಪ್ಪ ಕೇಳಿದ.

“ಹೇಳ್ಬೇಕು ಮಾರಾಯ್ರೆ. ವಿಜೇತಾ ಓಕೆ ಅಂದ್ರೂ, ನಾನು ಇನ್ನೊಂದು ಟೇಕ್ ಕೇಳ್ತೇನೆ.”