ಬೀಜದ ಹಾಗೆ ಇಟ್ಟ ಫಿಲ್ಮು

“ಒರಸಬ್ಯಾಡ್ರಿ! ಕೈ ತೆಗೀರಿ ಮೊದಲ!”

ಸುಭದ್ರಾಳ ಕೈಯಲ್ಲಿದ್ದ ಓಢಣಿಯ ಒಣ ತುದಿ ಹಾಗೇ ನಿಂತಿತು. ಬೀದರಿನ ಚೌಬಾರಾ ಗೋಪುರದ ಹತ್ತಿರದ ಸಣ್ಣ ಸ್ಟುಡಿಯೋ ಅದು. ಗಾಜಿನ ಟೇಬಲ್ಲಿನ ಮೇಲೆ ಒಂದು ನೆಗೆಟಿವ್ ಪಟ್ಟಿ ಇಟ್ಟು, ಅದಕ್ಕಂಟಿದ ಬೂದಿಯನ್ನು ಒರೆಸಲು ಹೊರಟಿದ್ದಳು.

ಒಳಗಿನಿಂದ ಓಡಿ ಬಂದವನ ಮುಖ ನೋಡಿದ್ದೇ ತಡ, ಅವಳು ಟೇಬಲ್ಲಿನಿಂದ ಹಿಂದೆ ಸರಿದಳು.

ಇವನೇ... ಡಾಬಕಾದ ವೈಜಿನಾಥ.

ಹೋದ ವರ್ಷ ಅವಳ ಊರು ಮೆಹಕರಕ್ಕೆ ಹೆಣ್ಣು ನೋಡಲು ಬಂದು, ಚಹಾ ಕುಡಿದು, ಹೊಸ್ತಿಲಲ್ಲಿ ಒಮ್ಮೆ ತಿರುಗಿ ನಕ್ಕು ಹೋದವನು. ಆಮೇಲೆ ಬಸ್ಸಿನ ಕಂಡಕ್ಟರ್ ಕರೀಮ ಸಾಬನ ಕೈಯಲ್ಲಿ ಅವಳ ಫೋಟೊ ವಾಪಸ್ ಕಳಿಸಿದವನು.

ನಮ್ಮ ಕಡೆ ಗೊತ್ತಲ್ಲ, ಹುಡುಗಿಯ ಫೋಟೊ ತಿರುಗಿ ಬಂತೆಂದರೆ ಮಾತು ಮುಗಿಯಿತು. ಯಾಕೆ ಏನು ಎಂದು ಯಾರೂ ಕೇಳುವುದಿಲ್ಲ. ಅವಳ ಅವ್ವ ಅನುಸೂಯಾಬಾಯಿ ಒಂದು ರಾತ್ರಿ ಅತ್ತು, ಬೆಳಗಾದ ಮೇಲೆ ತಾನೂ ‘ನಮಗೂ ಬ್ಯಾಡ’ ಎಂದು ಹೇಳಿ ಕಳಿಸಿ ಮಾನ ಉಳಿಸಿಕೊಂಡಿದ್ದಳು.

ಇವನ ಅಂಗಡಿ ಅಂತ ಗೊತ್ತಿದ್ದರೆ ಮೆಟ್ಟಿಲೇ ಹತ್ತುತ್ತಿರಲಿಲ್ಲ. ಆದರೆ ಹಳೇ ಫಿಲ್ಮನ್ನು ಕಂಪ್ಯೂಟರಿಗೆ ಇಳಿಸುವ ಮಷೀನು ಸುತ್ತಮುತ್ತ ಇಲ್ಲೊಂದೇ ಕಡೆ ಇದೆಯಂತೆ. ಎದ್ದು ಹೋಗುವುದಾದರೂ ಎಲ್ಲಿಗೆ?

ಅವನೂ ಗುರುತು ಹಿಡಿದ. ಮುಖ ಸಪ್ಪಗಾಯಿತು. ನೀರಿನ ತಂಬಿಗೆ ತಂದಿಟ್ಟ. ಆ ಬರದ ಬೇಸಗೆಯಲ್ಲಿ ಬೀದರಿನಲ್ಲಿ ಒಂದು ತಂಬಿಗೆ ನೀರೆಂದರೆ ಸಣ್ಣ ಮರ್ಯಾದೆಯಲ್ಲ.

ಸುಭದ್ರಾ ತಲೆ ಎತ್ತದೆ ಹೇಳಿದಳು. ಅಪ್ಪ ಕಾಶೀರಾಮ ಊರಿಗೆಲ್ಲ ಫೋಟೊ ತೆಗೆದವನು. ಮದುವೆ, ತೊಟ್ಟಿಲು, ಭೀಮ ಜಯಂತಿ... ಎಲ್ಲದರ ಫಿಲ್ಮೂ ಜೋಪಾನ ಮಾಡಿದ್ದ. ಎರಡು ವರ್ಷ ಮಳೆ ಕೈಕೊಟ್ಟಿತು. ಅರ್ಧ ಊರೇ ಪುಣೆಗೆ ಹೋದ ಮೇಲೆ ಫೋಟೊ ತೆಗೆಸುವವರು ಯಾರು? ಅಪ್ಪನೂ ಹೋದ. ಕಟ್ಟಡವೊಂದರಲ್ಲಿ ಕಾವಲಿಗೆ ನಿಂತ. ಹೋಗುವಾಗ ಮಗಳಿಗೆ ಹೇಳಿದ್ದು ಒಂದೇ ಮಾತು: ಬೀಜ ಇಟ್ಟಂಗ ಇಡವ್ವಾ.

ಅವಳು ಹಾಗೇ ಇಟ್ಟಳು. ಗಡಿಗೆಯ ತಳಕ್ಕೆ ಬೂದಿ, ನಡುವೆ ಫಿಲ್ಮು, ಅದರ ಸುತ್ತ ಹಸಿ ಬೇವಿನೆಲೆಯ ತಪ್ಪಲು, ಮೇಲೆ ಮುಚ್ಚಳ, ಸುತ್ತಲೂ ಸಗಣಿ ಮೆತ್ತಿ. ಜೋಳದ ಬೀಜ ಹಾಗೇ ತಾನೇ ಉಳಿಯುವುದು?

ಊರಲ್ಲಿ ಹನಿ ನೀರಿಲ್ಲ. ಆ ಗಡಿಗೆಯೊಳಗೆ ಮಾತ್ರ ತಪ್ಪಲಿನ ಹಸಿ ಹೊರಬರಲಾಗದೆ ಕೂತಿತ್ತು. ಮೊನ್ನೆ ತೆಗೆದಾಗ ಫಿಲ್ಮಿನ ಮೇಲೆಲ್ಲ ಬಿಳಿ ಬೂಷ್ಟು. ಗಾಬರಿಯಲ್ಲಿ ಒದ್ದೆ ಓಢಣಿಯಿಂದ ಮೊದಲ ರೀಲು ಒರೆಸಿದಳು. ಊರಿನ ಮೊದಲ ಭೀಮ ಜಯಂತಿಯ ಮೆರವಣಿಗೆ ಅದು. ಜನರೆಲ್ಲ ಕರಗಿ ಓಢಣಿಗೆ ಬಂದುಬಿಟ್ಟರು.

ಆ ಕಲೆಯನ್ನು ಅವಳು ಅವನಿಗೆ ತೋರಿಸಿದಳು. ಈ ಸಲದ ಜಯಂತಿಗೆ ಅಪ್ಪ ಬರುತ್ತಾನೆ... ಬಂದವನೇ ಗಡಿಗೆ ಕೇಳುತ್ತಾನೆ.

ವೈಜಿನಾಥ ಒಂದೊಂದೇ ಪಟ್ಟಿಯನ್ನು ದೀಪಕ್ಕೆ ಹಿಡಿದ.

“ಸುಳ್ಳು ಹೇಳಂಗಿಲ್ರಿ. ಮಷೀನು ಇದ್ದದ್ದು ತೋರಸ್ತದ. ಬೂಷ್ಟು ತಿಂದದ್ದು ತಂದು ಕೊಡೂದಿಲ್ಲ.”

“ಇದ್ದಷ್ಟರ ತೆಗೀರಿ,” ಎಂದಳು.

ಅಂದಿನಿಂದ ದಿನಾ ಭಾಲ್ಕಿ ಮೇಲಿಂದ ಬರುವ ಬೆಳಗಿನ ಬಸ್ಸು. ಅವಳೂ ಕೆಲಸ ಕಲಿತಳು. ಫಿಲ್ಮಿನ ಅಂಚನ್ನಷ್ಟೇ ಹಿಡಿಯಬೇಕು, ಒಣ ಮೆತ್ತನೆ ಬ್ರಷ್ಷಿನಿಂದ ಬೂದಿ ಉದುರಿಸಬೇಕು, ನೀರು ಮುಟ್ಟಿಸಬಾರದು. ಆಮೇಲೆ ಕಾಗದದ ಕವರಿಗೆ ಹಾಕಿ, ತೇವ ಹೀರುವ ಪೊಟ್ಟಣದ ಜೊತೆ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಬೇಕು.

ಮಷೀನು ಒಂದೊಂದೇ ಚಿತ್ರವನ್ನು ನಿಧಾನವಾಗಿ ನೋಡುತ್ತಿತ್ತು. ಅಷ್ಟು ಹೊತ್ತು ಇಬ್ಬರೂ ಪರದೆಯನ್ನು ಕಾಯುತ್ತ ಕೂರಬೇಕು. ಒಮ್ಮೆ ಬಾಸಿಂಗ ಬರುತ್ತಿತ್ತು, ಮದುಮಗನ ಮುಖ ಇರುತ್ತಿರಲಿಲ್ಲ. ಒಮ್ಮೆ ತೊಟ್ಟಿಲು ಬರುತ್ತಿತ್ತು, ಕೂಸಿನ ಜಾಗದಲ್ಲಿ ಜೇಡರ ಬಲೆಯಂಥ ಬೂಷ್ಟು. ಅವನ ಮೊಣಕೈ ತಾಗಿದರೆ ಅವಳು ಸರಿದು ಕೂರುತ್ತಿದ್ದಳು.

‘ಬೇಡ ಅಂದವನ ಹತ್ತಿರ ಯಾಕಿಷ್ಟು ಸಮಾಧಾನ ಆಗುತ್ತದೆ ನನಗೆ...’

ಪುಣೆಯಿಂದ ಅಪ್ಪನ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಕೈಯಲ್ಲಿ ಹಿಡಿದು, ರಿಂಗು ನಿಲ್ಲುವವರೆಗೂ ನೋಡುತ್ತಿದ್ದಳು.

ಗಡಿಗೆಯ ತಳದಿಂದ ಕೊನೆಗೆ ಬಂದದ್ದು ಒಂದು ಬಟರ್ ಪೇಪರ್ ಕವರು. ಬಿಚ್ಚಿದರೆ ಅವಳದೇ ನೆಗೆಟಿವ್. ಅವನು ವಾಪಸ್ ಕಳಿಸಿದ್ದು. ಗಡಿಗೆಗೆ ಮುಚ್ಚಳ ಮೆತ್ತುವ ಮೊದಲು ಅವ್ವ ಅದನ್ನೂ ತಳಕ್ಕೇ ತುರುಕಿದ್ದಳು. ಸುಭದ್ರಾ ದೀಪಕ್ಕೆ ಹಿಡಿದಳು. ಕೈಯಿದೆ, ಬಳೆಯಿದೆ. ಮುಖವಿಲ್ಲ.

ತಡೆದುಕೊಂಡಿದ್ದೆಲ್ಲ ಒಡೆಯಿತು.

“ಬ್ಯಾಡ ಅಂತ ನೀವ ಕಳಸಿದ್ರಿ. ಈಗ ಬೂಷ್ಟೂ ಹಂಗ ಅಂತು.”

ವೈಜಿನಾಥ ದಿಗಿಲಾಗಿ ನೋಡಿದ. “ಬ್ಯಾಡ ಅಂತ... ನಾ ಯಾವಾಗ ಅಂದೇನ್ರಿ?”

“ಫೋಟೊ ತಿರುಗಿಸಿ ಕಳಸೂದಂದ್ರ ಮತ್ತೇನ್ರಿ?”

ಅವನು ಹಣೆಗೆ ಕೈ ಹಚ್ಚಿ ಕೂತುಬಿಟ್ಟ. ಆಮೇಲೆ ಒಂದೊಂದೇ ಮಾತು ಬಂತು. ಹೆಣ್ಣು ನೋಡಲು ಬಂದ ದಿನ ಅವಳ ಫೋಟೊ ಇನ್ನೂ ಕಾಗದಕ್ಕೆ ಇಳಿದಿರಲಿಲ್ಲ. ಕಾಶೀರಾಮ ಕಾಕಾ ‘ನೀನೂ ಫೋಟೊದಾವ, ನೆಗೆಟಿವ್ ಒಯ್ಯಿ’ ಎಂದು ಕೊಟ್ಟಿದ್ದ. ಫೋಟೊದವರ ಮನೆಯಲ್ಲಿ ನೆಗೆಟಿವ್ ಎಂದರೆ ಆಸ್ತಿಯ ಗಂಟು, ಅದು ಮಾಲೀಕನ ಡಬ್ಬಿಗೇ ಹೋಗಬೇಕು. ಅದಕ್ಕೇ ಕಳಿಸಿದ. ಕಾಕಾ ಆಗಲೇ ಪುಣೆ ಸೇರಿದ್ದು ಅವನಿಗೆ ಗೊತ್ತಿರಲಿಲ್ಲ. ಹಿರಿಯರನ್ನು ಕರೆದುಕೊಂಡು ಮಾತಿಗೆ ಬರಬೇಕು ಅನ್ನುವಷ್ಟರಲ್ಲಿ ‘ನಮಗೂ ಬ್ಯಾಡ’ ಎಂದು ಮೆಹಕರದಿಂದಲೇ ಸುದ್ದಿ ಬಂತು.

ಹೇಳುತ್ತಲೇ ಅವನು ಕಂಪ್ಯೂಟರಿನಲ್ಲಿ ಒಂದು ಚಿತ್ರ ತೆರೆದ.

ಅವಳೇ! ರೊಟ್ಟಿ ಬಡಿಯುವಲ್ಲಿಂದ ಎದ್ದು ಬಂದು, ಅಪ್ಪನ ಕ್ಯಾಮೆರಾಕ್ಕೆ ಸಿಡುಕಿ ನಿಂತವಳು. ಕೆನ್ನೆಯ ಮೇಲೆ ಜೋಳದ ಹಿಟ್ಟು.

ಸ್ಕ್ಯಾನರ್ ತರಲು ಹೈದರಾಬಾದಿಗೆ ಹೋದಾಗ, ಪರೀಕ್ಷೆಗೆಂದು ಅವನು ಒಯ್ದಿದ್ದ ಫಿಲ್ಮು ಇದೊಂದೇ. ದೊಡ್ಡ ಚಪ್ಪಟೆ ಮಷೀನು ತಗೋ, ಕಾಗದವನ್ನೂ ಫಿಲ್ಮನ್ನೂ ಬೇಗ ಬೇಗ ಮುಗಿಸುತ್ತದೆ ಎಂದು ಅಂಗಡಿಯವರು ಒತ್ತಾಯ ಮಾಡಿದ್ದರು.

“ಅದರಾಗ ಯಾವುದು ಧೂಳು, ಯಾವುದು ಹಿಟ್ಟು ತಿಳೀಲಿಲ್ರಿ. ಈ ಮಷೀನಿನಾಗ ಕಣ್ಣಿಗೆ ಕಾಣಸದ ಒಂದು ಬೆಳಕ ಅದ. ಫಿಲ್ಮಿನ ಮ್ಯಾಲ ಕೂತ ಧೂಳು ಅಷ್ಟ ಹುಡುಕಿ ತೆಗೀತದ. ಧೂಳು ಹೋಯ್ತು... ಹಿಟ್ಟು ಉಳೀತು. ಇದನ್ನ ತಗೊಂಡೆ.”

ಸುಭದ್ರಾ ಪರದೆಯ ಹತ್ತಿರ ಬಗ್ಗಿದಳು. ಆಗಲೇ ಅಪ್ಪನ ಫೋನ್ ಬಂತು. ಈ ಸಲ ಎತ್ತಿದಳು. ಗಡಿಗೆ, ತಪ್ಪಲು, ಬೂಷ್ಟು... ಅಳುತ್ತ ಎಲ್ಲ ಹೇಳಿದಳು. ಆ ಕಡೆ ಕಾಂಕ್ರೀಟ್ ಮಷೀನಿನ ಗರಗರ ಮಾತ್ರ.

“ಮೊದಲನೇ ಜಯಂತಿ ರೀಲು?” ಎಂದ ಕಾಶೀರಾಮ.

“ಹೋಯ್ತಪ್ಪಾ. ನಾನ ಒರಸಿಬಿಟ್ಟೆ.”

“ನಾ ಹೇಳಿದಂಗ ಇಟ್ಟಿ, ನಿಂದೇನು ತಪ್ಪವ್ವಾ... ಬೀಜ ಅರ್ಧ ಹಾಳಾದ್ರ ಏನ್ ಮಾಡ್ತೇವಿ? ಉಳದದ್ದು ಬಿತ್ತತೇವಿ.” ಅಷ್ಟು ಹೇಳಿ ಇಟ್ಟುಬಿಟ್ಟ. ಅತ್ತನೋ ಏನೋ, ಅವಳಿಗೆ ತಿಳಿಯಲಿಲ್ಲ.

ಫಿಲ್ಮಿನಿಂದ ಅಳಿಸಿ ಹೋದವರು ತಿರುಗಿ ಬರುವುದಿಲ್ಲ. ಸುಭದ್ರಾ ಪರದೆಯ ಮೇಲಿನ ತನ್ನ ಮುಖವನ್ನೇ ನೋಡುತ್ತ ಕೂತಳು. ವೈಜಿನಾಥ ಮೆಲ್ಲಗೆ ಕೇಳಿದ.

“ಜಯಂತಿಗೆ ಕಾಕಾ ಬಂದಾಗ, ಹಿರಿಯರನ್ನ ಕರಕೊಂಡು ಬರ್ಲೇನ್ರಿ?”

ಅವಳು ಕಲೆಯಿಲ್ಲದ ಓಢಣಿಯ ತುದಿ ಹುಡುಕಿ ಕಣ್ಣೊರೆಸಿಕೊಂಡಳು.

“ಬರ್ರಿ. ಆದ್ರ ಅವತ್ತೂ ರೊಟ್ಟಿ ನಾನ ಬಡಿಯಾಕಿ. ಮುಖಕ್ಕ ಹಿಟ್ಟಿರ್ತದ, ನೋಡ್ರಿ ಮತ್ತ.”

“ಇರಲ್ರಿ,” ಎಂದ ಅವನು. “ಒರಸಬ್ಯಾಡ್ರಿ.”