ಹತ್ತರಲ್ಲಿ ಆರು ಚೂರು

"ಅಕ್ಕಾ, ನೀನೆಲ್ಲಿದ್ದೀಯ ಅಂತ ಅವನಿಗೆ ಯಾವತ್ತೂ ಗೊತ್ತಾಗಲ್ಲ."

ಒಂಬತ್ತು ವರ್ಷದ ಹಿಂದೆ, ಕೊಲೆಗಾರನೊಬ್ಬನ ವಿರುದ್ಧ ಸಾಕ್ಷಿ ಹೇಳಿ ಅವಳು ಕೋರ್ಟಿನ ಮೆಟ್ಟಿಲಿಳಿದಾಗ ನಾನು ಕೊಟ್ಟ ಮಾತದು.

ಈಗ ಅದೇ ಕೊಲೆಗಾರನ ಬಂಟ, ಬೋಳ, ನನ್ನ ಕುತ್ತಿಗೆಗೆ ಪಿಸ್ತೂಲು ಒತ್ತಿ ನಿಂತಿದ್ದ!

ಜಾಗ, ಪ್ರೊಫೆಸರ್ ಕಂಪನಿಯ ನೆಲಮಾಳಿಗೆ. ಎದುರಿಗೆ ಗುಂಯ್‌ಗುಡುವ ಕಂಪ್ಯೂಟರ್ ಬೀರು.

ಇಷ್ಟು ತಿಳಿದರೆ ಸಾಕು ನಿಮಗೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದ ಇನ್‌ಫರ್ಮೇಶನ್ ಥಿಯರಿಯನ್ನೇ ಕಂಪನಿ ಮಾಡಿದವರು ಪ್ರೊಫೆಸರ್. ಗುಟ್ಟಿನ ಕಡತವನ್ನು ಹತ್ತು ಚೂರು ಮಾಡಿ ಹತ್ತು ಕಟ್ಟಡಗಳಲ್ಲಿ ಇಡುತ್ತಾರೆ. ಐದು ಸಿಕ್ಕರೆ ಬರೀ ಕಸ. ಆರು ಸಿಕ್ಕರೆ... ಇಡೀ ಕಡತ! ಅಕ್ಕನ ವಿಳಾಸವೂ ಇದ್ದ ಸಾಕ್ಷಿಗಳ ಪಟ್ಟಿಯನ್ನೂ ಹೀಗೇ ಚೂರು ಮಾಡಿ ಇಟ್ಟಿದ್ದರು. ಕಾವಲು ನನ್ನದು.

ಅವತ್ತು ಬೆಳಿಗ್ಗೆ ಬೋಳನ ಕಡೆಯವರು ಐದು ಕಟ್ಟಡ ಹಿಡಿದಿದ್ದರು. ಈ ಬೀರುವಿನಲ್ಲಿದ್ದದ್ದು ಆರನೇ ಚೂರು.

"ಬೀರು ತೆಗಿ. ನಿಮ್ಮಕ್ಕನ್ನ ಮಾತಾಡಿಸ್ಬೇಕು."

"ಅವಳಿಗೆ ಪುರುಸೊತ್ತಿಲ್ಲ."

ಮೊಣಕೈ ಬೀಸಿದೆ. ಅವನ ಮೂಗು ಲಟಕ್ಕೆಂದಿತು! ಪಿಸ್ತೂಲು ನನ್ನ ಕೈಗೆ ಬಂತು. ಅವನು ಮೆಟ್ಟಿಲು ಹತ್ತಿ ಓಟ ಕಿತ್ತ. ಹೋಗಲಿ ಅಂತ ಬಿಟ್ಟೆ. ಅವನು ಜನ ಕಟ್ಟಿಕೊಂಡು ಬರುವುದರೊಳಗೆ ಬೀರು ಮುಗಿಸಬೇಕಿತ್ತು.

ಢಂ! ಢಂ! ಢಂ!

ಗುಂಯ್ ನಿಂತಿತು. ಹೊಗೆ.

ಪ್ರೊಫೆಸರ್ ಏದುಸಿರು ಬಿಡುತ್ತಾ ಇಳಿದು ಬಂದರು.

"ಏನ್ರೀ ಮಾಡಿದ್ರಿ?"

"ಈ ಚೂರು ಸತ್ತೋಯ್ತು ಸರ್. ಇನ್ನು ಅವರ ಹತ್ರ ಐದೇ."

ಅವರ ಮುಖ ಬಿಳುಚಿತು.

"ಸಾಯಲ್ಲ ಕಣ್ರೀ! ಒಂದು ಕೆಟ್ರೆ ಉಳಿದವು ಸೇರಿ ಅದನ್ನ ಬೇರೆ ಕಟ್ಟಡದಲ್ಲಿ ಮತ್ತೆ ಹುಟ್ಟಿಸ್ತವೆ. ನಾನು ಮಾರಿದ್ದೇ ಅದನ್ನ!"

"ಯಾವ ಕಟ್ಟಡದಲ್ಲಿ?"

"ಎಲ್ಲಿ ಜಾಗ ಖಾಲಿಯಿದೆಯೋ ಅಲ್ಲಿ..." ಲ್ಯಾಪ್‌ಟಾಪ್ ತೆರೆದರು. "ಮೂರನೇ ಕಟ್ಟಡ."

ಬೋಳನ ಕಡೆಯವರು ಎಲ್ಲಕ್ಕಿಂತ ಮೊದಲು ಹಿಡಿದದ್ದು ಅದನ್ನೇ.

"ವೈರು ಕೀಳಿ ಸರ್!"

"ಆಗೋಯ್ತು. ನಾಲ್ಕೇ ಸೆಕೆಂಡು. ಈಗ ಅವರ ಹತ್ರ ಆರು." ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. "ಯಂತ್ರ ಕೆಡತ್ತೆ ಅಂತ ಲೆಕ್ಕ ಹಾಕಿದ್ದೆ. ಕಳ್ಳ ಬಂದು ಪಕ್ಕದಲ್ಲೇ ಕೂರ್ತಾನೆ ಅಂತ ಹಾಕಿರ್ಲಿಲ್ಲ..."

ಫೋನ್ ತೆಗೆದೆ.

"ಅಕ್ಕಾ, ಉಟ್ಟ ಬಟ್ಟೇಲೇ ಹೊರಡು. ಹಿಂದಿನ ಬಾಗಿಲಿಂದ. ಈಗ್ಲೇ!"

"ಒಲೆ ಮೇಲೆ ಹಾಲಿದೆ ಕಣೋ."

"ಉಕ್ಕಲಿ ಬಿಡು!"

ಟಕ್ ಅಂತ ಅವಳು ಒಲೆ ಆರಿಸಿದ ಸದ್ದು ಕೇಳಿಸಿತು.

"ಅವನಿಗೆ ಗೊತ್ತಾಯ್ತಾ? ಹೇಳಿದ್ದು ಯಾರು?"

"ನಾನೇ ಅಕ್ಕಾ. ಮೂರು ಗುಂಡು ಹಾರಿಸಿ ಹೇಳಿದೆ."

ಕೊಟ್ಟ ಮಾತಿಗೆ ತಪ್ಪಿದೆ.